ನೀಲಿ ಪಟ್ಟಿ ಮತ್ತು ಬಾಣಸವೆರ್ಗಡೆ

ನುರಿತ ಅಡುಗೆಯವರನ್ನು ಫ್ರೆಂಚರು ‘ಕೋರ್ದೋಂ ಬ್ಲೂ’, ಅಂದರೆ ನೀಲಿ ಪಟ್ಟಿ, ಎನ್ನುತ್ತಾರೆ. ಈ ಮಾತು ಹುಟ್ಟಿದ್ದು ಅರಮನೆಯ ಓಲಗದಲ್ಲಿ. ಫ್ರಾನ್ಸಿನ ದೊರೆ ಮೂರನೆಯ ಹೆನ್ರಿ 1578ರಲ್ಲಿ ಸ್ಥಾಪಿಸಿದ ‘ಪವಿತ್ರಾತ್ಮ’ ಶ್ರೇಣಿಯ ಸರದಾರರು ಶಿಲುಬೆಯ ಪದಕವನ್ನು ನೀಲಿ ಪಟ್ಟಿಗೆ ಕಟ್ಟಿ ಧರಿಸುತ್ತಿದ್ದರು. ಪಟ್ಟಿಯ ಹೆಸರೇ ಅವರಿಗೂ ಅಂಟಿತು. ಬರಬರುತ್ತ ಯಾವ ಕಸುಬಿನ ಅಗ್ರಗಣ್ಯರಿಗೂ ಅದು ಸಂದು, ಕೊನೆಗೆ ಮನೆಗಳಲ್ಲಿ ಅಡುಗೆ ಮಾಡುವ ಹೆಂಗಸರ ಪಾಲಿನ ಬಿರುದಾಯಿತು. ಹದಿನೈದನೆಯ ಲೂಯಿ ದೊರೆ ಊಟಕ್ಕೆ ಮೆಚ್ಚಿ ಅಡುಗೆಯಾಕೆಗೆ ಪಟ್ಟಿ ತೊಡಿಸಿದನೆಂಬ ಕಥೆ ಸೊಗಸಾಗಿದೆ. ಇತಿಹಾಸವೆಂದು ಒಪ್ಪುವುದು ಕಷ್ಟ. ಕ್ರಾಂತಿಯ ಕಾಲಕ್ಕೆ, 1791ರಲ್ಲಿ, ಶ್ರೇಣಿ ರದ್ದಾಯಿತು. ಅಡುಗೆಮನೆಯ ಬಿರುದು ಮಾತ್ರ ಉಳಿಯಿತು. ಪತ್ರಕರ್ತೆ ಮಾರ್ತ್ ದಿಸ್ತೆಲ್ 1895ರಲ್ಲಿ ಅದೇ ಹೆಸರಿನ ಪತ್ರಿಕೆ ತೆಗೆದು, ಪ್ಯಾರಿಸ್ಸಿನಲ್ಲಿ ಅಡುಗೆ ಪಾಠವನ್ನೂ ಶುರುಮಾಡಿದಳು.

ಕನ್ನಡನಾಡಿನಲ್ಲಿ ಬಿರುದು ಸಾಗಿದ ದಾರಿಯೇ ಬೇರೆ. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ‘ಬಾಣಸವೆರ್ಗಡೆ’ ಎಂಬ ಪದವಿ ಕಾಣುತ್ತದೆ. ಬಾಣಸವೆಂದರೆ ಅಡುಗೆಮನೆ, ಸಂಸ್ಕೃತದ ಮಹಾನಸ; ಪೆರ್ಗಡೆಯೆಂದರೆ ಮೇಲ್ವಿಚಾರಕ, ಇಂದಿನ ಹೆಗ್ಗಡೆ. ಆರನೆಯ ವಿಕ್ರಮಾದಿತ್ಯನ ಬಾಣಸವೆರ್ಗಡೆ ಅನಂತಪಾಲಯ್ಯ ದಂಡನಾಯಕನೂ ಹೌದು. ಬೆಳ್ವೊಲ, ಪುಲಿಗೆರೆ, ಬನವಾಸಿ ನಾಡುಗಳನ್ನು ಆಳಿದವನು. ಅವನು ಸೌಟು ಹಿಡಿದಿರಲಾರ. ಹಾಗಿದ್ದರೆ ಸೇನಾನಿಗೆ ಪಾಕಶಾಲೆಯ ಹೆಸರೇಕೆ? ಉತ್ತರ ವಿಷದ ಭಯದಲ್ಲಿದೆಯೆಂದು ನನಗೆ ತೋರುತ್ತದೆ. ಅರಸನ ಅಡುಗೆ ಕಾವಲಿರುವ ಜಾಗದಲ್ಲಿ ನಡೆಯಬೇಕು, ಅನ್ನವನ್ನು ಮೊದಲು ಬೆಂಕಿಗೂ ಹಕ್ಕಿಗಳಿಗೂ ಹಾಕಿ ನೋಡಬೇಕು ಎನ್ನುತ್ತದೆ ಅರ್ಥಶಾಸ್ತ್ರ. ಇಂಥ ಮನೆಯ ಯಜಮಾನಿಕೆ ನಂಬುಗೆಯ ಬಂಟನಿಗಲ್ಲದೆ ಇನ್ನಾರಿಗೆ ಸಿಕ್ಕೀತು? ಇದೇ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದ ಅನ್ನಭೋಗದಲ್ಲಿ ಊಟವನ್ನು ರಾಜಭೋಗವೆಂದೇ ಎಣಿಸಿದ. ಫ್ರಾನ್ಸಿನಲ್ಲಿ ಸರದಾರನ ಬಿರುದು ಒಲೆಯ ಬಳಿಗಿಳಿಯಿತು. ಇಲ್ಲಿ ಒಲೆಯ ಬಿರುದು ದಂಡನಾಯಕನವರೆಗೆ ಏರಿತು.

ಒಲೆಯೂದಿದವರ ಹೆಸರು ಮಾತ್ರ ಕಲ್ಲಿಗೇರುವುದು ಅಪರೂಪ. ಚಾಲುಕ್ಯರ ಸಾಮಂತ ರಟ್ಟರ ಕುಂಡಿ ನಾಡಿಗೆ, ಇಂದಿನ ಗೋಕಾಕ, ಸವದತ್ತಿ ಸೀಮೆಗೆ, ಈ ಮಾತು ಈಗಲೂ ಒಪ್ಪುತ್ತದೆ. ಬೆಲ್ಲ, ಅಂಟು, ತುಪ್ಪ, ಒಣಕೊಬ್ಬರಿ, ಗೋಡಂಬಿಯ ಕರದಂಟಿನ ಕೀರ್ತಿ ಪಾಕ ಹಿಡಿದ ಕೈಗಲ್ಲ, ಊರಿಗೆ ಸಂದಿದೆ. ಹೆದ್ದಾರಿ ಹಿಡಿದು ಹೋಗುವವನೂ ಅಂಗಡಿಯಲ್ಲಿ ಕೇಳುವುದು ‘ಗೋಕಾಕದ್ದು ಐತೇನ್ರಿ?’ ಎಂದೇ.