ಮೈಸೂರಿನ ಕಾಲೇಜುಗಳಲ್ಲಿ ಕನ್ನಡದ ಓದು ಬರಹ

ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಟ್ಟಡಗಳು ಎದ್ದ ವರ್ಷಗಳನ್ನೂ, ಸರ್ಕಾರದ ಆಜ್ಞೆಗಳು ಹೊರಟ ದಿನಗಳನ್ನೂ, ಪರೀಕ್ಷೆಯಲ್ಲಿ ತೇರ್ಗಡೆಯಾದವರ ಸಂಖ್ಯೆಯನ್ನೂ ಕೊಟ್ಟು ಸುಮ್ಮನಾಗುತ್ತಾರೆ. ಕಾಲೇಜಿಗೆ ಹೋದ ಹುಡುಗನು ಅಲ್ಲಿ ಓದುವುದನ್ನು ಹೇಗೆ ಕಲಿತನು, ಬರೆಯುವುದನ್ನು ಹೇಗೆ ಕಲಿತನು, ತಾನು ಬೆಳೆಯುತ್ತಿರುವೆನೆಂಬುದು ಅವನಿಗೇ ಎಂದು ಅರಿವಾಯಿತು ಎಂಬ ವಿಷಯಗಳು ಸರ್ಕಾರದ ಕಡತಗಳಲ್ಲಿ ದೊರೆಯತಕ್ಕವಲ್ಲ. ಅವು ಬೇಕಾದರೆ ಆ ವಿದ್ಯಾರ್ಥಿಗಳೇ ಮುಂದೆ ಬರೆದುಕೊಂಡ ಆತ್ಮಕಥೆಗಳನ್ನೂ, ಅವರ ಎಳೆಯ ಬರಹಗಳನ್ನು ಅಚ್ಚುಹಾಕಿದ ಪತ್ರಿಕೆಗಳನ್ನೂ ನೋಡಬೇಕು. ಮೈಸೂರು ಸಂಸ್ಥಾನದ ಎರಡು ಕಾಲೇಜುಗಳಲ್ಲಿ, ಎಂದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಮೈಸೂರಿನ ಮಹಾರಾಜರ ಕಾಲೇಜಿನಲ್ಲಿಯೂ, ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ನಡೆದ ಅಂತಹ ಒಂದು ಬೆಳವಣಿಗೆಯನ್ನು ಕುರಿತು ನಾವು ಇಲ್ಲಿ ವಿಚಾರ ಮಾಡೋಣ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೆ ಈ ಎರಡು ಕಾಲೇಜುಗಳೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದುವು. ಪಾಠ ನಮ್ಮ ಊರಿನಲ್ಲಿ, ಪದವಿ ಮದರಾಸಿನದು. ಪಾಠಗಳೆಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿದ್ದುವು. ಚರಿತ್ರೆ, ಗಣಿತ, ತತ್ತ್ವಶಾಸ್ತ್ರ, ಭೌತವಿಜ್ಞಾನ, ಯಾವುದನ್ನು ಓದಿದರೂ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಕನ್ನಡವು ಇಂಗ್ಲಿಷಿನ ಹಿಂದೆ ಎರಡನೆಯ ಭಾಷೆಯಾಗಿ, ಅದೂ ಸಂಸ್ಕೃತದ ಪಕ್ಕದಲ್ಲಿ ಸಂಕೋಚದಿಂದ ನಿಂತಿದ್ದಿತು. ಅದನ್ನು ಓದಿಸುತ್ತಿದ್ದ ಪಂಡಿತರು ವಿದ್ವತ್ತಿನಲ್ಲಿ ಯಾರಿಗೂ ಕಡಮೆಯಿಲ್ಲದವರಾಗಿದ್ದರೂ, ಇಂಗ್ಲಿಷ್ ಅಧ್ಯಾಪಕರಿಗಿದ್ದ ಸಂಬಳವಾಗಲಿ ಮರ್ಯಾದೆಯಾಗಲಿ ಅವರಿಗೆ ಇರಲಿಲ್ಲ.

ಇದರ ಫಲವು ವಿಚಿತ್ರವಾಗಿದ್ದಿತು. ಹಳಗನ್ನಡ ಕಾವ್ಯದ ಒಂದು ಪದ್ಯವನ್ನು ಕೊಟ್ಟರೆ ವಿದ್ಯಾರ್ಥಿಯು ಅನ್ವಯ ಮಾಡಿ, ಪ್ರತಿಪದಾರ್ಥ ಹೇಳಿ, ಸಮಾಸಗಳನ್ನು ಬಿಡಿಸಿ, ತಾತ್ಪರ್ಯವನ್ನು ಬರೆದಾನು. ಆದರೆ ತಾನು ಕಂಡ ಒಂದು ಜಾತ್ರೆಯನ್ನು ಕುರಿತೋ, ತಾನು ಒಪ್ಪದ ಒಂದು ಅಭಿಪ್ರಾಯವನ್ನು ಕುರಿತೋ ಎರಡು ಪುಟ ಕನ್ನಡ ಗದ್ಯವನ್ನು ಬರೆಯೆಂದರೆ ಲೇಖನಿ ಮುಂದೆ ಸಾಗದು. ಸ್ನೇಹಿತರಿಗೆ ಬರೆಯುವ ಕಾಗದವೂ ಇಂಗ್ಲಿಷಿನಲ್ಲಿಯೇ. ಮನೆಯಲ್ಲಿ ತಾಯಿಯೊಡನೆ ಆಡುವ ಕನ್ನಡ ಒಂದು, ತರಗತಿಯಲ್ಲಿ ಒಡೆದು ನೋಡುವ ಕನ್ನಡ ಇನ್ನೊಂದು. ಇವೆರಡರ ನಡುವೆ ಯೋಚನೆ ಮಾಡಲು ಬಳಸತಕ್ಕ ಕನ್ನಡವೊಂದು ಇರಬೇಕಷ್ಟೆ, ಅದು ಇರಲಿಲ್ಲ. ಹಾಗೆಂದು ಅವನ ಇಂಗ್ಲಿಷು ಸೊಗಸಾಗಿದ್ದಿತೆಂದೂ ಹೇಳುವಂತಿಲ್ಲ. ಅನೇಕರದು ಪಠ್ಯಪುಸ್ತಕದ ವಾಕ್ಯಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವ ಇಂಗ್ಲಿಷಾಗಿದ್ದಿತು. ಎರಡು ಭಾಷೆಗಳನ್ನು ಓದಿಯೂ ಎರಡರಲ್ಲಿಯೂ ತನ್ನದೆನ್ನುವ ಒಂದು ಮಾತನ್ನು ಬರೆಯಲಾರದ ಪದವೀಧರನು ಆ ಕಾಲದ ವಿದ್ಯಾಭ್ಯಾಸದ ಬಹು ದೊಡ್ಡ ನಷ್ಟವೆಂದೇ ನಾವು ಎಣಿಸುತ್ತೇವೆ.

ಈ ಸ್ಥಿತಿಯನ್ನು ಮೊದಲು ಚೆನ್ನಾಗಿ ಕಂಡವರಲ್ಲಿ ಒಬ್ಬರು ಇಂಗ್ಲಿಷ್ ಅಧ್ಯಾಪಕರೇ ಆಗಿದ್ದರೆಂಬುದು ಗಮನಿಸತಕ್ಕ ವಿಷಯ. ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಉಪನ್ಯಾಸವನ್ನು ಮಾಡಿದರು. ಆಗ ಅವರಿಗೆ 27 ವರ್ಷ. ಹಳಗನ್ನಡವನ್ನು ಓದಬೇಕು, ಆದರೆ ಬರೆಯುವುದು ಜನರ ಬಾಯಲ್ಲಿ ಬದುಕಿರುವ ಹೊಸಗನ್ನಡದಲ್ಲಿ ಎಂಬ ಅವರ ನಿಲುವು ಮುಂದಿನ ತಲೆಮಾರಿನ ವಿದ್ಯಾರ್ಥಿಗಳಿಗೆ ದಾರಿಯಾಯಿತು. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಹೊರಬಂದಾಗ ಅದರ ಪರಿಣಾಮವು ಇನ್ನೂ ಹೆಚ್ಚಾಯಿತು.

ಆ ಪರಿಣಾಮಕ್ಕೆ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಪದ್ಧತಿಯಲ್ಲಿ ಪದ್ಯ ಬರೆಯುವವನು ಪ್ರತಿಯೊಂದು ಪಾದದ ಎರಡನೆಯ ಅಕ್ಷರದಲ್ಲಿಯೂ ಒಂದೇ ವ್ಯಂಜನ ಬರುವಂತೆ ನೋಡಿಕೊಳ್ಳಬೇಕಾಗಿದ್ದಿತು. ಷಟ್ಪದಿಯಾದರೆ ಆರು ಪಾದಗಳಲ್ಲಿಯೂ ಈ ಪ್ರಾಸ ನಡೆಯಬೇಕು. ವೃತ್ತವಾದರೆ ಇದರ ಜೊತೆಗೆ ಗುರುಲಘುಗಳು ಒಂದೂ ತಪ್ಪದಂತೆ ಸಾಲಾಗಿ ನಿಲ್ಲಬೇಕು. ಮಹಾಕವಿಗಳಿಗೆ ಇದು ಆಟ. ಹತ್ತೊಂಬತ್ತು ವರ್ಷದ ಹುಡುಗನಿಗಾದರೋ ಪ್ರಾಸಕ್ಕಾಗಿ ಪದವನ್ನು ಹುಡುಕಿ ತುರುಕುವುದರಲ್ಲಿಯೇ ಶಕ್ತಿಯೆಲ್ಲ ಮುಗಿದು, ಹೇಳಬೇಕಾದ ಮಾತು ಎಲ್ಲಿಯೋ ಉಳಿದುಹೋಗುತ್ತಿದ್ದಿತು. ಮಂಗಳೂರು ಸೀಮೆಯಲ್ಲಿ ಗೋವಿಂದ ಪೈಗಳು ಆದಿಪ್ರಾಸವನ್ನು ಇದಕ್ಕೆ ಮೊದಲೇ ಬಿಟ್ಟಿದ್ದರು. ಶ್ರೀಕಂಠಯ್ಯನವರು ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಹೊಸ ಹೊಸ ರೀತಿಯಲ್ಲಿ ಜೋಡಿಸಿ, ಪಂಕ್ತಿಯ ಕೊನೆಯಲ್ಲಿ ಪ್ರಾಸವನ್ನಿಟ್ಟು, ಇಂಗ್ಲಿಷಿನ ಭಾವಗೀತೆಯ ನಡೆಯನ್ನು ಕನ್ನಡದಲ್ಲಿ ತೋರಿಸಿಕೊಟ್ಟರು. ತರಗತಿಯಲ್ಲಿ ಓದಿದ ಶೆಲ್ಲಿಯನ್ನೋ ಬರ್ನ್ಸನನ್ನೋ ತಾನೂ ಕನ್ನಡಿಸಿ ನೋಡಬಹುದೆಂಬ ಧೈರ್ಯ ವಿದ್ಯಾರ್ಥಿಗೆ ಬಂದಿತು. ಕನ್ನಡಿಸಲು ಕುಳಿತವನು ಮೂಲದ ಒಂದೊಂದು ಪದವನ್ನೂ ತೂಗಿ ನೋಡಲೇಬೇಕು. ಟಿಪ್ಪಣಿಯನ್ನು ನೆಚ್ಚಿ ಮೇಲೆ ಮೇಲೆ ತೇಲಿಸಿ ಓದುತ್ತಿದ್ದವನು ಆಳವಾಗಿ ಓದತೊಡಗಿದ್ದು ಹೀಗೆ. ಕನ್ನಡ ಬರೆಯಹೋಗಿ ಅವನು ಇಂಗ್ಲಿಷನ್ನು ಓದಲು ಕಲಿತನು. (ಈ ಸೌಲಭ್ಯದಿಂದ ಸಾಮಾನ್ಯ ಪದ್ಯಗಳ ಒಂದು ಪ್ರವಾಹವೂ ಹರಿಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಕೋಗಿಲೆಗೂ ಬೆಳದಿಂಗಳಿಗೂ ಆ ದಿನಗಳಲ್ಲಿ ಬಿಡುವೇ ಇರಲಿಲ್ಲ.)

ಬರೆದರೆ ಸಾಲದು, ಬರೆದುದನ್ನು ಓದುವವರು ಬೇಕು. ಪರೀಕ್ಷಕನು ಅಂಕಗಳನ್ನು ಹಾಕುವನೇ ಹೊರತು ಬರೆದವನೊಡನೆ ಮಾತನಾಡುವುದಿಲ್ಲ. ಈ ಕೊರತೆಯನ್ನು ತುಂಬಿದವರು ಎ. ಆರ್. ಕೃಷ್ಣಶಾಸ್ತ್ರಿಗಳು. 1918-19ರ ಸುಮಾರಿನಲ್ಲಿ ಅವರ ನೇತೃತ್ವದಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವೂ, ಅದರ ತ್ರೈಮಾಸಿಕವಾದ ‘ಪ್ರಬುದ್ಧ ಕರ್ನಾಟಕ’ವೂ ಹುಟ್ಟಿದುವು. ಕನ್ನಡ ಸಂಘವೆಂಬುದು ಇಂದು ಊರೂರಿನಲ್ಲಿಯೂ ಉಂಟು. ಅಂದು ಇಂಗ್ಲಿಷಿನಲ್ಲಿಯೇ ಉಸಿರಾಡುತ್ತಿದ್ದ ಕಾಲೇಜೊಂದರಲ್ಲಿ ಕನ್ನಡದಲ್ಲಿ ಸಭೆ ನಡೆಯುವುದೇ ಒಂದು ಹೊಸ ಸಂಗತಿ. ಇಂತಹ ಸಂಘಗಳಲ್ಲಿ ವಿದ್ಯಾರ್ಥಿಯು ತಾನು ಬರೆದುದನ್ನು ಸಹಪಾಠಿಗಳ ಎದುರಿನಲ್ಲಿ ಓದಬೇಕು. ಅವರು ನಗಬಹುದು, ಆಕಳಿಸಬಹುದು, ಎದ್ದು ಪ್ರಶ್ನೆ ಕೇಳಬಹುದು. ಯಾವ ವಾಕ್ಯದಲ್ಲಿ ನಾಲಗೆ ತೊಡರಿತೋ ಅದು ಕೆಟ್ಟ ವಾಕ್ಯವೆಂಬುದು ಓದಿದವನಿಗೆ ಅಲ್ಲಿಯೇ ತಿಳಿಯುತ್ತದೆ. ಅಚ್ಚಿಗೆ ಹೋಗುವ ಲೇಖನವಾದರೆ ಸಂಪಾದಕರ ಕೈಯಲ್ಲಿ ತಿದ್ದಿಸಿಕೊಳ್ಳಬೇಕು. ಕೃಷ್ಣಶಾಸ್ತ್ರಿಗಳ ಗದ್ಯದ ಶುಚಿಯನ್ನು ‘ವಚನ ಭಾರತ’ವನ್ನು ಓದಿದವರೆಲ್ಲರೂ ಬಲ್ಲರು. ಅಂತಹವರು ಗೀಟು ಹಾಕಿ ಹಿಂದಿರುಗಿಸಿದ ಒಂದು ಹಾಳೆಯು ಹತ್ತು ಪಾಠಗಳಿಗೆ ಸಮವಾಗಿದ್ದಿರಬೇಕು. ‘ಪ್ರಬುದ್ಧ ಕರ್ನಾಟಕ’ವು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಯಿತು.

ಸಂಸ್ಥಾನದ ಹೊರಗೂ ಇಂತಹ ಕೂಟಗಳಿದ್ದುವೆಂಬುದನ್ನು ಇಲ್ಲಿ ಹೇಳಿಬಿಡಬೇಕು. ದ. ರಾ. ಬೇಂದ್ರೆಯವರು ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿ ಬಂದು, 1922ರಲ್ಲಿ ಧಾರವಾಡದಲ್ಲಿ ‘ಗೆಳೆಯರ ಗುಂಪ’ನ್ನು ಕಟ್ಟಿದರು. ಅಲ್ಲಿಯೂ ಬರಹವು ಬೆಳೆದದ್ದು ಓದಿ ಕೇಳಿಸುವ ಗೋಷ್ಠಿಯಲ್ಲಿಯೇ.

ಈಗ ಒಬ್ಬ ವಿದ್ಯಾರ್ಥಿಯ ವಿಷಯವನ್ನು ನೋಡೋಣ. ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಬಂದ ಕೆ. ವಿ. ಪುಟ್ಟಪ್ಪನವರು 1922ರಲ್ಲಿ, ಇನ್ನೂ ಕಾಲೇಜನ್ನು ಸೇರುವ ಮೊದಲೇ, ತಮ್ಮ ಇಂಗ್ಲಿಷ್ ಕವನಗಳ ಒಂದು ಚಿಕ್ಕ ಪುಸ್ತಕವನ್ನು ಅಚ್ಚುಹಾಕಿಸಿದ್ದರು. ‘ಬಿಗಿನರ್ಸ್ ಮ್ಯೂಸ್’ ಎಂದು ಅದರ ಹೆಸರು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸರು ಮೈಸೂರಿಗೆ ಬಂದಾಗ ತಮ್ಮ ಇಂಗ್ಲಿಷ್ ಪದ್ಯಗಳನ್ನು ಅವರಿಗೆ ತೋರಿಸಿದರು. ಹೊಗಳಿಕೆಯನ್ನು ನಿರೀಕ್ಷಿಸಿ ಹೋದ ಯುವಕನಿಗೆ ದೊರೆತದ್ದು, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿರುವಿರಾ ಎಂಬ ಪ್ರಶ್ನೆ. ಹೊಸ ಭಾವಗಳಿಗೆ ಒಗ್ಗುವ ಛಂದಸ್ಸು ಕನ್ನಡದಲ್ಲಿ ಇಲ್ಲವೆಂದು ಯುವಕನು ಉತ್ತರ ಕೊಟ್ಟನು. ಇಲ್ಲದಿದ್ದರೆ ನೀವೇ ನಿರ್ಮಿಸಿಕೊಳ್ಳಬೇಕೆಂದು ಹಿರಿಯ ಕವಿಯು ಹೇಳಿದನು. ಈ ಪ್ರಸಂಗವನ್ನು ಪುಟ್ಟಪ್ಪನವರೇ ತಮ್ಮ ಆತ್ಮಕಥೆಯಾದ ‘ನೆನಪಿನ ದೋಣಿಯಲ್ಲಿ’ (1980) ಹೇಳಿಕೊಂಡಿದ್ದಾರೆ. ಆ ಆತ್ಮಕಥೆಯ ಹೆಚ್ಚಿನ ಬೆಲೆ ಇರುವುದು ನಮ್ಮ ದೃಷ್ಟಿಯಲ್ಲಿ ಇನ್ನೊಂದು ಕಾರಣಕ್ಕೆ. ಅವರು ತಮ್ಮ ವಿದ್ಯಾರ್ಥಿದೆಸೆಯ ದಿನಚರಿಗಳನ್ನು ಜೋಪಾನ ಮಾಡಿ ಇಟ್ಟುಕೊಂಡು, ಎಪ್ಪತ್ತು ದಾಟಿದ ಮೇಲೆ ಅವುಗಳನ್ನು ಮುಂದಿಟ್ಟುಕೊಂಡು ಬರೆದರು. ಇಪ್ಪತ್ತರ ಯುವಕನು ಏನನ್ನು ಓದಿದನು, ಏನನ್ನು ಮೆಚ್ಚಿದನು, ಎಷ್ಟು ಬರೆದನು ಎಂಬುದನ್ನು ವೃದ್ಧನು ನೋಡುತ್ತಾನೆ. ನೆನಪು ಮಾತ್ರವೇ ಆಗಿದ್ದರೆ ಎಳೆಯ ಕಾಲದ ಒರಟುತನವೆಲ್ಲವೂ ನಯವಾಗಿಬಿಡುತ್ತಿದ್ದಿತು. ದಿನಚರಿಯು ಹಾಗಾಗಲು ಬಿಡುವುದಿಲ್ಲ.

1922ರ ಇಂಗ್ಲಿಷ್ ಪದ್ಯಗಳಿಗೂ 1930ರಲ್ಲಿ ಪ್ರಕಟವಾದ ‘ಕೊಳಲು’ ಸಂಗ್ರಹಕ್ಕೂ ನಡುವೆ ಇರುವುದು ಎಂಟೇ ವರ್ಷ. ಆ ಎಂಟು ವರ್ಷಗಳಲ್ಲಿ ನಡೆದುದನ್ನು ಪ್ರತಿಭೆಯೆಂಬ ಒಂದೇ ಮಾತಿನಿಂದ ತೀರಿಸಿಬಿಡುವುದು ನಮಗೆ ಸರಿತೋರುವುದಿಲ್ಲ. ಮಹಾರಾಜರ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಓದಿ 1927ರಲ್ಲಿ ಬಿ.ಎ. ಮುಗಿಸಿದ ಅವರು, ಅದೇ ವರ್ಷ ಹೊಸದಾಗಿ ಆರಂಭವಾದ ಕನ್ನಡ ಎಂ.ಎ. ತರಗತಿಗೆ ಸೇರಿದರು. ಟಿ. ಎಸ್. ವೆಂಕಣ್ಣಯ್ಯನವರು ಅಲ್ಲಿ ಕನ್ನಡದ ಪ್ರಾಧ್ಯಾಪಕರು. ವೆಂಕಣ್ಣಯ್ಯನವರನ್ನೂ ಕೃಷ್ಣಶಾಸ್ತ್ರಿಗಳನ್ನೂ ಜೊತೆಗೂಡಿಸಿ ಕನ್ನಡದ ಅಶ್ವಿನೀದೇವತೆಗಳೆಂದು ಜನರು ಕರೆಯುತ್ತಿದ್ದರು.

ಆ ಮೊದಲ ತರಗತಿಯಲ್ಲಿ ಡಿ. ಎಲ್. ನರಸಿಂಹಾಚಾರ್ಯರೂ ಇದ್ದರು. ಇವರ ಬೆಳವಣಿಗೆ ಬೇರೊಂದು ಬಗೆಯದು. ಹಳೆಯ ಓಲೆಯ ಪ್ರತಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು, ಲಿಪಿಕಾರನು ಎಲ್ಲಿ ತಪ್ಪಿದನು, ಕವಿಯು ಬರೆದ ಪಾಠ ಯಾವುದು ಎಂದು ನಿರ್ಣಯಿಸುವುದು ಓದುವಿಕೆಯಲ್ಲಿ ಅತ್ಯಂತ ಕಠಿನವಾದದ್ದು. ಇದರಲ್ಲಿ ಅವಸರಕ್ಕೆ ಎಡೆಯಿಲ್ಲ. ಒಂದು ಅಕ್ಷರಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಹಳಗನ್ನಡ ಗದ್ಯದ ಅಪೂರ್ವ ಗ್ರಂಥವಾದ ‘ವಡ್ಡಾರಾಧನೆ’ಯನ್ನು ಅವರು 1949ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಪ್ರತಿಪದಾರ್ಥದ ಅಭ್ಯಾಸವನ್ನು ನಾವು ಮೇಲೆ ಸ್ವಲ್ಪ ಹಗುರವಾಗಿ ಹೇಳಿದೆವಾದರೂ, ಆ ಅಭ್ಯಾಸವಿಲ್ಲದಿದ್ದರೆ ಇಂತಹ ವಿದ್ವತ್ತು ಬೆಳೆಯುತ್ತಿರಲಿಲ್ಲ. ಪಂಡಿತರ ಪಾಠವು ಕೆಟ್ಟದ್ದಾಗಿರಲಿಲ್ಲ. ಅಲ್ಲಿಗೇ ನಿಂತುಬಿಟ್ಟದ್ದು ಕೆಟ್ಟದಾಗಿದ್ದಿತು.

ವಿಜ್ಞಾನದ ವಿದ್ಯಾರ್ಥಿಗಳ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಹುಕಾಲ ನಡೆಯಲಿಲ್ಲ. ಪಾರಿಭಾಷಿಕ ಪದಗಳಿಗಾಗಿ ಪ್ರತಿಯೊಬ್ಬನೂ ಬೇರೆ ಬೇರೆಯಾಗಿ ತಡಕಾಡಬೇಕಾಗಿದ್ದ ಕಾಲವದು. ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಹೊರಬಂದದ್ದು 1946ರಲ್ಲಿ. ವೆಂಕಟನಾರಣಪ್ಪನವರು ಅದಕ್ಕೆ ಮೂರು ವರ್ಷ ಮೊದಲೇ ತೀರಿಕೊಂಡಿದ್ದರು.

1935ರಲ್ಲಿ ಇನ್ನೊಂದು ಹೊಸ ಅಭ್ಯಾಸವು ಬಂದಿತು. ಮಹಾರಾಜರ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಕಣ್ಣಿಗಾಗಿ ಬರೆಯುತ್ತಿದ್ದವರು ಕಿವಿಗಾಗಿ ಬರೆಯಬೇಕಾಯಿತು. ಪುಸ್ತಕದಲ್ಲಿ ಅರ್ಧ ಪುಟ ಓಡುವ ವಾಕ್ಯವನ್ನು ಓದುಗನು ಹಿಂದಿರುಗಿ ನೋಡಿ ಅರ್ಥ ಮಾಡಿಕೊಂಡಾನು, ಕೇಳುವವನು ಹಿಂದಿರುಗುವುದೆಲ್ಲಿಗೆ? ಕನ್ನಡ ಗದ್ಯವು ಸರಳವಾದುದಕ್ಕೆ ಪತ್ರಿಕೆಗಳಂತೆ ಈ ಯಂತ್ರವೂ ಸ್ವಲ್ಪ ಮಟ್ಟಿಗೆ ಕಾರಣವೆಂದು ನಾವು ನಂಬುತ್ತೇವೆ. ಅದೇ ಕಾಲೇಜಿನಲ್ಲಿ ಓದಿ ಇಂಗ್ಲಿಷ್ ಅಧ್ಯಾಪಕರಾದ ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಪ್ರಬಂಧಗಳಲ್ಲಿ ಎದುರಿಗೆ ಕುಳಿತು ಮಾತನಾಡುವವನ ಧ್ವನಿ ಕೇಳುತ್ತದೆ. ಒಂದು ತಲೆಮಾರಿನ ಹಿಂದೆ ಅಂತಹ ಗದ್ಯವನ್ನು ಕಾಲೇಜಿನಿಂದ ಯಾರೂ ನಿರೀಕ್ಷಿಸುತ್ತಿರಲಿಲ್ಲ.

ಇಷ್ಟೆಲ್ಲವನ್ನೂ ಹೇಳಿದ ಮೇಲೆ ಇದರ ಮಿತಿಯನ್ನು ಹೇಳದಿದ್ದರೆ ಚರಿತ್ರೆಯಾಗುವುದಿಲ್ಲ. ನಾವು ಹೆಸರಿಸಿದವರು ಕೆಲವೇ ಮಂದಿ. ಸಂಘದ ಸಭೆಗೆ ಬಾರದೆ, ಅಧ್ಯಾಪಕರ ಮನೆಯ ಬಾಗಿಲನ್ನು ತಟ್ಟುವ ಧೈರ್ಯವಿಲ್ಲದೆ, ಪಾಠ ಕೇಳಿ ಪರೀಕ್ಷೆ ಬರೆದು ಗುಮಾಸ್ತರಾಗಿ ಹೋದವರ ಸಂಖ್ಯೆಯೇ ದೊಡ್ಡದು. ಅವರು ಆತ್ಮಕಥೆಗಳನ್ನು ಬರೆಯಲಿಲ್ಲ. ತರಗತಿಯ ಭಾಷೆಯೂ ಪರೀಕ್ಷೆಯ ಭಾಷೆಯೂ ಇಂಗ್ಲಿಷಾಗಿಯೇ ಉಳಿದುವು. ಬೆಳವಣಿಗೆಯು ನಡೆದದ್ದು ಬಹುಮಟ್ಟಿಗೆ ಗಂಟೆ ಹೊಡೆದ ಮೇಲೆ, ಪಾಠದ ಕೋಣೆಯ ಹೊರಗೆ. ಕಾಲೇಜನ್ನು ನಡುವೆಯೇ ಬಿಟ್ಟು ಅಸಹಕಾರ ಚಳುವಳಿಗೆ ಹೋದ ಶಿವರಾಮ ಕಾರಂತರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ (1948) ಎಂಬ ತಮ್ಮ ಆತ್ಮಕಥೆಯಲ್ಲಿ ಕಾಣಿಸುವ ಓದು ಬರಹವಂತೂ ಯಾವ ಕಾಲೇಜಿನ ಹಂಗಿಗೂ ಒಳಪಟ್ಟದ್ದಲ್ಲ. ಆದುದರಿಂದ ಸಂಸ್ಥೆಯೇ ಎಲ್ಲವನ್ನೂ ಮಾಡಿತೆಂದು ಹೇಳಲು ನಮಗೆ ಮನಸ್ಸು ಬಾರದು. ಸಂಸ್ಥೆಯ ಒಳಗಿದ್ದ ಕೆಲವರು ಹುಡುಗರ ಬರಹವನ್ನು ತಾಳ್ಮೆಯಿಂದ ಓದಿದರು. ಅಷ್ಟು ಮಾತ್ರ ನಿಶ್ಚಯ.

ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಶಿಷ್ಯರ ಬರಹವನ್ನು ಕೇಳುವುದರಲ್ಲಿಯೂ ತಿದ್ದುವುದರಲ್ಲಿಯೂ ಕಾಲವನ್ನು ಕಳೆದ ಅವರು ತಾವು ಬರೆದು ಬಿಟ್ಟುಹೋದದ್ದು ಸ್ವಲ್ಪ. ಹತ್ತು ವರ್ಷಗಳ ಮೇಲೆ, 1949ರಲ್ಲಿ, ಪುಟ್ಟಪ್ಪನವರ ‘ಶ್ರೀ ರಾಮಾಯಣ ದರ್ಶನಂ’ ಹೊರಬಂದಿತು. ಆ ಮಹಾಕಾವ್ಯವು ಅರ್ಪಿತವಾಗಿರುವುದು ವೆಂಕಣ್ಣಯ್ಯನವರಿಗೆ. ಕಾವ್ಯಕ್ಕೆ ಮೊದಲು ಬರುವ ಅರ್ಪಣೆಯ ಪದ್ಯದಲ್ಲಿ ಕವಿಯು ತೀರಿಹೋದ ಗುರುವನ್ನು ಎದುರಿನಲ್ಲಿಯೇ ಇರುವರೆಂಬಂತೆ ಸಂಬೋಧಿಸಿ, ಬರೆದು ಮುಗಿಸಿದ ಕಾವ್ಯವನ್ನು ಅವರಿಗೆ ಒಪ್ಪಿಸುತ್ತಾನೆ.