ಗಳಗನಾಥರೂ ಕನ್ನಡ ಕಾದಂಬರಿಯ ವಾಚಕವರ್ಗವೂ

ಅರ್ವಾಚೀನ ಕನ್ನಡ ಗದ್ಯದ ಚರಿತ್ರೆಯನ್ನು ಬರೆಯುವವರು ಪ್ರಾಯಶಃ ಕೃತಿಗಳನ್ನು ಸ್ವತಂತ್ರ, ಭಾಷಾಂತರ ಎಂದು ಎರಡು ರಾಶಿಗಳಾಗಿ ವಿಂಗಡಿಸಿ, ಮೊದಲನೆಯ ರಾಶಿಗೆ ಮಾತ್ರ ಅಗ್ರಪೂಜೆಯನ್ನು ಸಲ್ಲಿಸುವರು. ಈ ಕ್ರಮದಲ್ಲಿ 1899ರಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಗೆ ಉಚ್ಚಸ್ಥಾನವು ದೊರೆಯುವದು ನ್ಯಾಯವೇ ಸರಿ. ಆದರೆ ಕಾದಂಬರಿಯೆಂಬದು ಬರೆದವನೊಬ್ಬನಿಂದಲೇ ಸಿದ್ಧವಾಗುವ ವಸ್ತುವಲ್ಲ. ಓದುವವನಿಲ್ಲದೆ ಅದು ಕಪಾಟಿನಲ್ಲಿರುವ ಕಾಗದ ಮಾತ್ರ. ಆ ಓದುವವನನ್ನು ನಿರ್ಮಿಸಿದವರಾರು ಎಂಬ ಪ್ರಶ್ನೆಯನ್ನು ಕೇಳಿದೊಡನೆ ಗಳಗನಾಥರ ಹೆಸರು ಮುಂದೆ ಬರುವದು.

ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಅಂದಿನ ಧಾರವಾಡ ಜಿಲ್ಲೆಯ ಹಾವೇರಿ ತಾಲೂಕಿನಲ್ಲಿ, ವರದಾ ತುಂಗಭದ್ರೆಗಳ ಸಂಗಮದಲ್ಲಿರುವ ಗಳಗನಾಥದಲ್ಲಿ ಜನಿಸಿದರು. ಊರಿನ ಹೆಸರೇ ಗ್ರಂಥಕರ್ತರ ಹೆಸರಾಯಿತು. ಅವರು ಹುಟ್ಟಿದ ಕಾಲದಲ್ಲಿ ಮುಂಬಯಿ ಇಲಾಖೆಯ ಈ ಭಾಗದ ವಿದ್ಯಾವಂತನಿಗೆ ಮರಾಠಿಯೇ ಓದಿನ ಭಾಷೆಯಾಗಿದ್ದಿತು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು; 1890ರಲ್ಲಿ ರಾ. ಹ. ದೇಶಪಾಂಡೆಯವರ ಪ್ರಯತ್ನದಿಂದ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಶಾಲೆಯು ಅಕ್ಷರವನ್ನು ಕಲಿಸೀತು, ಸಂಘವು ಗ್ರಂಥಕರ್ತನಿಗೆ ಪ್ರೋತ್ಸಾಹವನ್ನು ಕೊಟ್ಟೀತು. ಆದರೆ ಅಕ್ಷರ ಬಲ್ಲವನ ಮನೆಯಲ್ಲಿ ಕನ್ನಡ ಪುಸ್ತಕವಿರಬೇಕಲ್ಲವೆ? ಆ ಕೊರತೆಯನ್ನು ತುಂಬುವದಕ್ಕೆ ಗಳಗನಾಥರು ಶಾಲಾಶಿಕ್ಷಕ ವೃತ್ತಿಯನ್ನು ತ್ಯಜಿಸಿ, ಅಗಡಿಯ ಆನಂದವನವನ್ನು ಆಶ್ರಯಿಸಿ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ‘ಸದ್ಬೋಧಚಂದ್ರಿಕೆ’ ಎಂಬ ಮಾಸಪತ್ರಿಕೆಯ ಭಾರವನ್ನು ಹೊತ್ತರು.

ಅವರ ಕಾದಂಬರಿಗಳಲ್ಲಿ ಹಲವು ಮರಾಠಿಯ ಹರಿ ನಾರಾಯಣ ಆಪಟೆಯವರ (1864–1919) ಕೃತಿಗಳನ್ನು ಅನುಸರಿಸಿದವು. ಇಷ್ಟರಿಂದಲೇ ಅವರನ್ನು ‘ಬರಿಯ ಭಾಷಾಂತರಕಾರರು’ ಎಂದು ತಳ್ಳುವವರು ‘ಕಾದಂಬರಿ’ ಎಂಬ ಶಬ್ದದ ಚರಿತ್ರೆಯನ್ನೇ ನೋಡಬೇಕು. ಬಾಣನ ಕಥಾನಾಯಿಕೆಯ ಹೆಸರು ಒಂದು ಸಾಹಿತ್ಯಜಾತಿಗೇ ಹೆಸರಾಯಿತು; ಆ ಸಂಸ್ಕೃತ ಗದ್ಯವನ್ನು ನಾಗವರ್ಮನು ಕನ್ನಡ ಚಂಪುವಾಗಿಸಿದನು. ಅನುಸರಣವೆಂಬ ಕಾರಣಕ್ಕೆ ನಾಗವರ್ಮನನ್ನು ನಮ್ಮ ಪರಂಪರೆಯು ಕವಿಪಂಕ್ತಿಯಿಂದ ಎಬ್ಬಿಸಲಿಲ್ಲ. ಅಣ್ಣಿಗೇರಿಯ ಹೆಸರನ್ನು ಕನ್ನಡಿಗರಿಗೆ ಪೂಜ್ಯವಾಗಿಸಿದ ಪಂಪನೂ ವ್ಯಾಸರ ಕಥೆಯನ್ನೇ ಹೇಳಿದವನು. ಅವನು ಕಥೆಯನ್ನು ಮಾರ್ಪಡಿಸಿದನು, ಗಳಗನಾಥರು ಅಷ್ಟು ಮಾರ್ಪಡಿಸಲಿಲ್ಲ ಎಂಬ ಆಕ್ಷೇಪವು ಉಚಿತವೇ. ಆದರೂ ಅವರ ಅನುಸರಣವು ಕಣ್ಣುಮುಚ್ಚಿದ ಅನುಸರಣವಲ್ಲವೆಂಬದಕ್ಕೆ ಒಂದು ಪ್ರಮಾಣವನ್ನು ಕೊಡುವೆನು.

ವಿಜಯನಗರದ ಪತನವನ್ನು ವರ್ಣಿಸುವ ಆಪಟೆಯವರ ಗ್ರಂಥದ ಹೆಸರು ‘ವಜ್ರಾಘಾತ’. ಅದರ ಕನ್ನಡ ರೂಪಕ್ಕೆ ಗಳಗನಾಥರಿಟ್ಟ ಹೆಸರು ‘ಕನ್ನಡಿಗರ ಕರ್ಮಕಥೆ’. ಸಿಡಿಲು ಆಕಾಶದಿಂದ ಬೀಳುವದು. ಬಿದ್ದವನ ಮೇಲೆ ಅದರ ಹೊಣೆಯಿಲ್ಲ. ಕರ್ಮವಾದರೋ ಮಾಡಿದವನನ್ನೇ ಹುಡುಕಿಕೊಂಡು ಬರುವದು. ಒಂದು ಹೆಸರಿನಿಂದ 1565ರ ಅನರ್ಥವು ದೈವದ ಹೊಡೆತವಾಗಿದ್ದಿತು. ಇನ್ನೊಂದರಿಂದ ಅದು ಕನ್ನಡಿಗನು ತನ್ನನ್ನೇ ಪ್ರಶ್ನಿಸಿಕೊಳ್ಳಬೇಕಾದ ವಿಷಯವಾಯಿತು. ಶಿರೋನಾಮೆಯೊಂದನ್ನು ಬದಲಿಸಿ ನೆರೆಯವರ ಕಥೆಯನ್ನು ಮನೆಯ ಕಥೆಯಾಗಿ ಮಾಡುವದು ಭಾಷಾಂತರಕಾರನ ಕೆಲಸವಷ್ಟೇ ಅಲ್ಲ, ವ್ಯಾಖ್ಯಾನಕಾರನ ಕೆಲಸ. ಮುಂದೆ 1923ರಲ್ಲಿ ಅದೇ ರಾಜ್ಯದ ಉದಯವನ್ನು ವಿಷಯವಾಗಿ ಮಾಡಿಕೊಂಡು ‘ಮಾಧವ ಕರುಣಾವಿಲಾಸ’ವನ್ನು ಅವರು ಸ್ವತಂತ್ರವಾಗಿ ರಚಿಸಿದರು. ಪತನವನ್ನು ಓದಿಸಿದವರೇ ಉದಯವನ್ನೂ ಓದಿಸಿದರೆಂಬದು ಗಮನಾರ್ಹವು.

ಇನ್ನು ಪ್ರಸಾರದ ವಿಷಯ. ಅಮೇರಿಕೆಯ ಪ್ರಖ್ಯಾತ ಕಾದಂಬರಿಕಾರ ಮಾರ್ಕ್ ಟ್ವೇನನ (1835–1910) ‘ದಿ ಇನೋಸೆಂಟ್ಸ್ ಅಬ್ರಾಡ್’ ಎಂಬ ಪ್ರವಾಸಗ್ರಂಥವು ಗಳಗನಾಥರು ಹುಟ್ಟಿದ 1869ರಲ್ಲಿಯೇ ಹೊರಬಿದ್ದಿತು. ಅದನ್ನು ಅಂಗಡಿಗಳಲ್ಲಿಟ್ಟು ಕಾಯದೆ, ಪ್ರಕಾಶಕರ ಏಜಂಟರು ಹಳ್ಳಿಹಳ್ಳಿಗೆ ಹೋಗಿ ಮುಂಗಡ ಚಂದಾ ಪಡೆದು ಮಾರಿದರು. ಮೊದಲ ವರ್ಷದಲ್ಲಿಯೇ ಸುಮಾರು 70,000 ಪ್ರತಿಗಳು ವ್ಯಯವಾದವು. ಮುಂದೆ ಟ್ವೇನನು ತಾನೇ ಪ್ರಕಾಶನವನ್ನು ಕೈಕೊಂಡು, 1894ರಲ್ಲಿ ಅದು ದಿವಾಳಿಯಾಗಲು, ಸಾಲ ತೀರಿಸುವದಕ್ಕಾಗಿ ಜಗತ್ತನ್ನು ಸುತ್ತಿ ಉಪನ್ಯಾಸಗಳನ್ನು ಕೊಡುತ್ತ 1896ರಲ್ಲಿ ಮುಂಬಯಿಗೂ ಬಂದನು. ಅಲ್ಲಿ ಏಜಂಟರು ಮಾಡಿದ ಕೆಲಸವನ್ನು ಇಲ್ಲಿ ಗ್ರಂಥಕರ್ತರೇ ಮಾಡಿದರು. ಗಳಗನಾಥರು ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿದ ಸಂಗತಿಯು ನಾಡಿನಲ್ಲಿ ಸುಪ್ರಸಿದ್ಧವಾಗಿದೆ. ಅಲ್ಲಿ ಅಂಚೆ, ರೇಲ್ವೆ, ಅಕ್ಷರಸ್ಥರ ಸಮೂಹ ಇವು ಮೊದಲೇ ಸಿದ್ಧವಾಗಿದ್ದವು. ಇಲ್ಲಿ ಕೊಳ್ಳುವವನನ್ನೂ ಓದುವವನನ್ನೂ ಏಕಕಾಲದಲ್ಲಿ ನಿರ್ಮಿಸಬೇಕಾಗಿದ್ದಿತು.

ಈ ನಿರ್ಮಾಣವು ಶೂನ್ಯದಿಂದಾಗಲಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಯ ಸೀಮೆಯು ಕುಮಾರವ್ಯಾಸನ ಕೋಳಿವಾಡಕ್ಕೆ ನೆರೆಯದು. ಒಬ್ಬನು ಓದಿ ಹತ್ತು ಜನರು ಕೇಳುವ ಪುರಾಣಶ್ರವಣವು ಈ ಸೀಮೆಗೆ ಹೊಸದಲ್ಲ. ಗಳಗನಾಥರ ದೀರ್ಘವಾದ ನೀತಿಬೋಧೆ, ‘ವಾಚಕರೇ’ ಎಂದು ನಡುನಡುವೆ ಕರೆಯುವ ರೀತಿ, ಇವು ಇಂದಿನ ವಿಮರ್ಶಕರಿಗೆ ಕಲಾದೋಷಗಳಾಗಿ ಕಾಣುವವು. ಕಟ್ಟೆಯ ಮೇಲೆ ಕುಳಿತು ಕೇಳುವ ಶ್ರೋತೃಗಳನ್ನು ನೆನೆದರೆ ಅವು ಪೌರಾಣಿಕನ ಕಂಠದ ಶೇಷಗಳೆಂದು ತಿಳಿಯುವದು. ಶ್ರೋತೃವನ್ನು ವಾಚಕನನ್ನಾಗಿ ಮಾಡುವ ಸೇತುವೆಗೆ ಎರಡೂ ದಡಗಳ ಕಲ್ಲುಗಳು ಬೇಕಾಗುವವು.

ಆದುದರಿಂದ ಸಾಹಿತ್ಯಚರಿತ್ರಕಾರರು ಗ್ರಂಥಗಳ ಪಟ್ಟಿಯೊಡನೆ ವಾಚಕರ ಪಟ್ಟಿಯನ್ನೂ ಸಿದ್ಧಪಡಿಸಬೇಕು. ಹಳ್ಳಿಯ ಮನೆಗಳ ಅಟ್ಟಗಳಲ್ಲಿ ‘ಚಂದ್ರಿಕೆ’ಯ ಸಂಚಿಕೆಗಳು ಉಳಿದಿದ್ದರೆ, ಹುಳುಗಳಿಗೆ ಆಹಾರವಾಗುವ ಮೊದಲೇ ಅವುಗಳನ್ನು ಇಳಿಸಿ, ಒಳಪುಟದಲ್ಲಿ ಮಾಲಿಕನು ಬರೆದಿಟ್ಟ ಹೆಸರು, ಊರು, ತಿಥಿಗಳನ್ನು ಬರೆದುಕೊಳ್ಳುವದು ಅಧ್ಯಾಪಕರಿಗೆ ಅಸಾಧ್ಯವಲ್ಲ. ಕೃತಿಯ ಸ್ವಾತಂತ್ರ್ಯವನ್ನು ಅಳೆಯುವದಕ್ಕೆ ಮುದ್ರಿತ ಪುಸ್ತಕವೊಂದಿದ್ದರೆ ಸಾಕು. ಕೃತಿಯು ಮಾಡಿದ ಕಾರ್ಯವನ್ನು ಅಳೆಯುವದಕ್ಕೆ ಆ ಹಸ್ತಾಕ್ಷರಗಳೇ ಬೇಕು.