ಆಕ್ಟೇನ್ ಸಂಖ್ಯೆಯ ನೂರು ವರ್ಷ: ಇಂಜಿನ್ನಿನ ಅಗತ್ಯ ಮತ್ತು ಪೆಟ್ರೋಲಿನ ಆಯ್ಕೆ

ಬಂಕುಗಳಲ್ಲಿ ಸಾಮಾನ್ಯ ಪೆಟ್ರೋಲಿನ ಪಕ್ಕದಲ್ಲೇ ಹೆಚ್ಚಿನ ಬೆಲೆಗೆ ದೊರೆಯುವ ಪ್ರೀಮಿಯಂ ಪೆಟ್ರೋಲಿನಲ್ಲಿ ಶಕ್ತಿ ಹೆಚ್ಚಾಗಿರುತ್ತದೆ, ಆದ್ದರಿಂದ ಅದನ್ನು ಯಾವ ಕಾರಿಗೆ ಹಾಕಿಸಿದರೂ ಪಿಕಪ್ಪೂ ಮೈಲೇಜೂ ಏರುತ್ತವೆ ಎಂಬ ನಂಬಿಕೆ ವಾಹನ ಮಾಲೀಕರಲ್ಲಿ ಬಲವಾಗಿ ಬೇರೂರಿದೆ. ಕಳೆದ ಒಂದು ಶತಮಾನದ ಇಂಧನ ಸಂಶೋಧನೆ ಈ ನಂಬಿಕೆಯನ್ನು ಒಪ್ಪುವುದಿಲ್ಲ. ಆಕ್ಟೇನ್ ಸಂಖ್ಯೆ ತಿಳಿಸುವುದು ಇಂಧನದ ತಾಳಿಕೆಯನ್ನು ಮಾತ್ರ. ಪಿಸ್ಟನ್ ಒತ್ತಿದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ತಗುಲಿದಾಗ ಉರಿಯು ಅಲ್ಲಿಂದ ಕ್ರಮವಾಗಿ ಹರಡಬೇಕು. ಹಾಗೆ ಹರಡುತ್ತಿರುವಾಗಲೇ ದೂರದ ಮೂಲೆಯಲ್ಲಿ ಉಳಿದ ಮಿಶ್ರಣವು ಒತ್ತಡವನ್ನೂ ಕಾವನ್ನೂ ತಾಳಲಾರದೆ ತಾನಾಗಿಯೇ ಒಮ್ಮೆಗೇ ಹೊತ್ತಿಕೊಂಡರೆ ಲೋಹವನ್ನು ಬಡಿದಂಥ ಸದ್ದು ಕೇಳಿಸುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಎಂದು ಕರೆಯುವ ಈ ದೋಷ ಮುಂದುವರಿದರೆ ಪಿಸ್ಟನ್ನಿಗೇ ಪೆಟ್ಟಾಗುತ್ತದೆ. ಇದನ್ನು ಇಂಧನ ಎಷ್ಟರಮಟ್ಟಿಗೆ ತಡೆದುಕೊಳ್ಳಬಲ್ಲದು ಎಂಬುದರ ಅಳತೆಯೇ ಆಕ್ಟೇನ್ ಸಂಖ್ಯೆ.

ಮಿಶ್ರಣವನ್ನು ಎಷ್ಟು ಪಟ್ಟು ಅದುಮಲಾಗುತ್ತದೆ ಎಂಬುದನ್ನು ಹೇಳುವ ಸಂಪೀಡನ ಅನುಪಾತವು ಫೋರ್ಡ್ ಮಾಡೆಲ್ ಟಿ ಕಾಲದಲ್ಲಿ ಸುಮಾರು 4ರಷ್ಟಿತ್ತು. ಅನುಪಾತ ಹೆಚ್ಚಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ತೆಗೆಯಬಹುದೆಂದು ಇಂಜಿನಿಯರುಗಳಿಗೆ ತಿಳಿದಿದ್ದರೂ ನಾಕಿಂಗ್ ಅಡ್ಡ ಬರುತ್ತಿತ್ತು. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಮೊದಲ ಮಹಾಯುದ್ಧದ ನಂತರ, ಸಂಪೀಡನವನ್ನು ಬೇಕಾದಂತೆ ಬದಲಿಸಬಹುದಾದ ಪ್ರಯೋಗ ಇಂಜಿನ್ನೊಂದನ್ನು ಕಟ್ಟಿ, ಬೇರೆ ಬೇರೆ ಇಂಧನಗಳು ತಾಳುವ ಮಿತಿಯನ್ನು ಅಳೆದರು. ಇಂಜಿನ್ನಿನ ಸಾಮರ್ಥ್ಯಕ್ಕೆ ಎಲ್ಲೆ ಹಾಕುತ್ತಿರುವುದು ನಾಕಿಂಗ್ ಎಂಬ ಮಾತು ಅವರ ಕೆಲಸದಿಂದ ಖಚಿತವಾಯಿತು.

ಅದೇ ಸಮಯದಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡೇಟನ್ನಿನಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಥಾಮಸ್ ಮಿಡ್ಜ್ಲಿ ನಾಕಿಂಗನ್ನು ಅಡಗಿಸುವ ರಾಸಾಯನಿಕಕ್ಕಾಗಿ ಹುಡುಕುತ್ತಿದ್ದರು. 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೂ ಸದ್ದು ನಿಲ್ಲುವುದು ಕಂಡುಬಂತು; 1923ರಲ್ಲಿ ಅದು ಡೇಟನ್ನಿನ ಬಂಕಿನಲ್ಲಿ ಮಾರಾಟಕ್ಕೂ ಬಂತು. ಸೀಸ ವಿಷವೆಂಬುದು ಆಗ ಹೊಸ ವಿಷಯವೇನೂ ಆಗಿರಲಿಲ್ಲ. 1924ರಲ್ಲಿ ನ್ಯೂಜೆರ್ಸಿಯ ಬೇವೇ ಸ್ಥಾವರದಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಪ್ರಾಣ ಬಿಟ್ಟರು. ಮದ್ಯಸಾರ ಅಥವಾ ಎಥನಾಲ್ ಕೂಡ ನಾಕಿಂಗನ್ನು ತಡೆಯುತ್ತದೆಂದು ಮಿಡ್ಜ್ಲಿಯವರಿಗೇ ತಿಳಿದಿತ್ತು. ಆದರೆ ಅಲ್ಪ ಖರ್ಚಿನ, ಪೇಟೆಂಟಿನ ಲಾಭ ತರಬಲ್ಲ ಸೀಸವೇ ಗೆದ್ದಿತು. ಈ ಕ್ಷೇತ್ರದ ಚರಿತ್ರೆಯಲ್ಲಿ ಇದಕ್ಕಿಂತ ದುಬಾರಿಯಾದ ತೀರ್ಮಾನ ಮತ್ತೊಂದಿಲ್ಲ. ಅದರ ಬೆಲೆಯನ್ನು ಮೂರು ತಲೆಮಾರುಗಳ ಮಕ್ಕಳು ತಮ್ಮ ರಕ್ತದಲ್ಲಿ ಸೇರಿದ ಸೀಸದ ರೂಪದಲ್ಲಿ ತೆತ್ತರು.

ಅಳತೆಗೋಲು ಬಂದದ್ದು ಇದರ ನಂತರ. 1926ರ ಸುಮಾರಿಗೆ ಗ್ರಹಾಂ ಎಡ್ಗರ್ ಎಂಬ ರಸಾಯನವಿಜ್ಞಾನಿ ಎರಡು ಶುದ್ಧ ಹೈಡ್ರೋಕಾರ್ಬನ್‌ಗಳನ್ನು ಮಾನದಂಡವಾಗಿ ಸೂಚಿಸಿದರು: ನಾಕಿಂಗನ್ನು ಚೆನ್ನಾಗಿ ತಡೆಯುವ ಐಸೊ-ಆಕ್ಟೇನಿಗೆ 100, ಸುಲಭವಾಗಿ ನಾಕ್ ಆಗುವ ಹೆಪ್ಟೇನಿಗೆ 0. ಶೇ. 95 ಐಸೊ-ಆಕ್ಟೇನ್ ಮತ್ತು ಶೇ. 5 ಹೆಪ್ಟೇನ್ ಇರುವ ಮಿಶ್ರಣದಂತೆ ವರ್ತಿಸುವ ಪೆಟ್ರೋಲಿನ ಸಂಖ್ಯೆ 95. ಇದನ್ನು ಅಳೆಯಲು ಒಂದೇ ಸಿಲಿಂಡರಿನ ಪರೀಕ್ಷಾ ಇಂಜಿನ್ ರೂಪುಗೊಂಡು, ಮುಂದೆ ಎರಡು ಪದ್ಧತಿಗಳು ನೆಲೆಯಾದವು. ನಿಮಿಷಕ್ಕೆ 600 ಸುತ್ತಿನ ಸೌಮ್ಯ ಪರೀಕ್ಷೆಯಿಂದ ಬರುವುದು ರಿಸರ್ಚ್ ಆಕ್ಟೇನ್ ಸಂಖ್ಯೆ. 900 ಸುತ್ತಿನಲ್ಲಿ, ಮಿಶ್ರಣವನ್ನು ಮೊದಲೇ ಬಿಸಿಮಾಡಿ ನಡೆಸುವ ಕಠಿಣ ಪರೀಕ್ಷೆಯಿಂದ ಬರುವುದು ಮೋಟಾರ್ ಆಕ್ಟೇನ್ ಸಂಖ್ಯೆ. ಭಾರತ ಮತ್ತು ಯುರೋಪಿನಲ್ಲಿ ಮೊದಲನೆಯದನ್ನು ಹೇಳುವ ರೂಢಿಯಿದ್ದರೆ ಅಮೆರಿಕದಲ್ಲಿ ಎರಡರ ಸರಾಸರಿಯನ್ನು ಬರೆಯುತ್ತಾರೆ. ಹೀಗಾಗಿ ಅಲ್ಲಿ ನೆಲೆಸಿದ ಕನ್ನಡಿಗರು ಬಂಕಿನಲ್ಲಿ ಕಾಣುವ 87 ಎಂಬ ಅಂಕಿ ಇಲ್ಲಿನ ಲೆಕ್ಕದಲ್ಲಿ ಸುಮಾರು 91ಕ್ಕೆ ಸಮ.

ಆಕ್ಟೇನಿಗೂ ಇಂಜಿನ್ನಿಗೂ ಇರುವ ನಂಟನ್ನು ಎರಡನೆಯ ಮಹಾಯುದ್ಧ ಸ್ಪಷ್ಟವಾಗಿ ತೋರಿಸಿತು. 1940ರಲ್ಲಿ ಬ್ರಿಟಿಷ್ ಯುದ್ಧವಿಮಾನಗಳು 100 ಆಕ್ಟೇನ್ ಪೆಟ್ರೋಲಿಗೆ ಬದಲಾದಾಗ ಅವುಗಳ ಮರ್ಲಿನ್ ಇಂಜಿನ್ನಿಗೆ ತುಂಬುವ ಗಾಳಿಯ ಹೆಚ್ಚುವರಿ ಒತ್ತಡವನ್ನು ಚದರ ಇಂಚಿಗೆ 6¼ ಪೌಂಡಿನಿಂದ 12 ಪೌಂಡಿಗೆ ಏರಿಸಲು ಸಾಧ್ಯವಾಗಿ, ಬಲ ಗಣನೀಯವಾಗಿ ಹೆಚ್ಚಿತು. ಬಲ ಹೆಚ್ಚಿದ್ದು ಒತ್ತಡವನ್ನು ಏರಿಸಿದ್ದರಿಂದ. ಒತ್ತಡವನ್ನು ಹಾಗೆಯೇ ಬಿಟ್ಟು ಟ್ಯಾಂಕಿಗೆ 100 ಆಕ್ಟೇನ್ ತುಂಬಿಸಿದ್ದರೆ ವಿಶೇಷ ಪ್ರಯೋಜನವೇನೂ ಆಗುತ್ತಿರಲಿಲ್ಲ. ಇಂದಿನ ಕಾರು ಮಾಲೀಕರು ನೆನಪಿಡಬೇಕಾದ ತತ್ತ್ವ ಇದೇ.

ಯುದ್ಧಾನಂತರ ವೇಗವರ್ಧಕಗಳ ನೆರವಿನಿಂದ ಪೆಟ್ರೋಲಿನ ಅಣುಗಳನ್ನೇ ಮರುಜೋಡಿಸುವ ವಿಧಾನಗಳು ಸಂಸ್ಕರಣಾಗಾರಗಳಲ್ಲಿ ಹರಡಿ, ಸೀಸವಿಲ್ಲದೆಯೂ ಆಕ್ಟೇನ್ ಏರಿಸುವ ದಾರಿ ತೆರೆಯಿತು. ಭೂಮಿಯ ವಯಸ್ಸನ್ನು ಲೆಕ್ಕಹಾಕಿದ ಕ್ಲೇರ್ ಪ್ಯಾಟರ್ಸನ್ 1965ರಲ್ಲಿ ವಾತಾವರಣಕ್ಕೂ ಮನುಷ್ಯದೇಹಕ್ಕೂ ಸೇರಿದ ಸೀಸದ ಅಗಾಧ ಪ್ರಮಾಣವನ್ನು ತೋರಿಸಿಕೊಟ್ಟರು. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸೀಸ ಕೆಡಿಸುತ್ತದೆ ಎಂಬ ಕಾರಣವೂ ಸೇರಿ 1970ರ ದಶಕದಿಂದ ಅದು ಹಿಂದೆ ಸರಿಯತೊಡಗಿತು. ಭಾರತದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಬಂದ ಸೀಸರಹಿತ ಪೆಟ್ರೋಲ್ 2000ದ ಫೆಬ್ರವರಿಯಿಂದ ದೇಶಕ್ಕೆಲ್ಲ ಅನ್ವಯವಾಯಿತು. ಅಲ್ಜೀರಿಯಾ 2021ರಲ್ಲಿ ನಿಲ್ಲಿಸಿದ ಮೇಲೆ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ಮಾರುವ ದೇಶ ಜಗತ್ತಿನಲ್ಲಿ ಉಳಿಯಲಿಲ್ಲ.

ಕಾರಿನೊಳಗೆ ಆದ ದೊಡ್ಡ ಬದಲಾವಣೆ ನಾಕ್ ಸೆನ್ಸರ್. 1970ರ ದಶಕದ ಕೊನೆಯಲ್ಲಿ ಟರ್ಬೊ ಕಾರುಗಳಲ್ಲಿ ಕಾಣಿಸಿಕೊಂಡ ಈ ಸಾಧನವು ಇಂಜಿನ್ನಿನ ಕಂಪನದಲ್ಲಿ ನಾಕಿಂಗಿನ ಸುಳಿವು ಸಿಕ್ಕ ಕೂಡಲೇ ಕಿಡಿ ಹಾರುವ ಕ್ಷಣವನ್ನು ತುಸು ತಡಮಾಡುವಂತೆ ನಿಯಂತ್ರಕಕ್ಕೆ ತಿಳಿಸುತ್ತದೆ. ಹೆಚ್ಚಿನ ಆಕ್ಟೇನ್ ಬಯಸುವ ಕಾರಿಗೆ ಅನಿವಾರ್ಯವಾಗಿ ಒಮ್ಮೆ ಸಾಮಾನ್ಯ ಪೆಟ್ರೋಲ್ ಹಾಕಿಸಿದರೂ ಬಲ ಮತ್ತು ಮೈಲೇಜ್ ಸ್ವಲ್ಪ ತಗ್ಗುವುದಲ್ಲದೆ ಸಾಮಾನ್ಯವಾಗಿ ಹಾನಿಯಾಗದಿರುವುದು ಇದರಿಂದಲೇ. ಅಮೆರಿಕದ ವಾಹನ ಮಾಲೀಕರ ಸಂಘಟನೆ ಎಎಎ 2016ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಸಾಮಾನ್ಯ ಪೆಟ್ರೋಲಿಗೆಂದೇ ರೂಪಿಸಿದ ಕಾರುಗಳಿಗೆ ಪ್ರೀಮಿಯಂನಿಂದ ಗಮನಾರ್ಹ ಲಾಭ ಕಾಣಲಿಲ್ಲ. ಮರುವರ್ಷ ಪ್ರೀಮಿಯಂ ಶಿಫಾರಸು ಮಾಡಿದ ಕಾರುಗಳನ್ನು ಪರೀಕ್ಷಿಸಿದಾಗಲೂ ಸರಾಸರಿ ಮೈಲೇಜ್ ಶೇ. 2.7, ಬಲ ಶೇ. 1.4ರಷ್ಟು ಮಾತ್ರ ಏರಿತ್ತು.

ಭಾರತದ ಬಂಕುಗಳಲ್ಲಿ ಪ್ರೀಮಿಯಂ ಎಂಬ ಮಾತಿಗೆ ಎರಡು ಅರ್ಥಗಳಿರುವುದು ಗೊಂದಲಕ್ಕೆ ಕಾರಣ. 2002ರ ಸುಮಾರಿಗೆ ಬಂದ ಬ್ರಾಂಡೆಡ್ ಪೆಟ್ರೋಲುಗಳ ಮುಖ್ಯ ಆಕರ್ಷಣೆ ಇಂಜಿನ್ನಿನ ಒಳಭಾಗವನ್ನು ಸ್ವಚ್ಛವಾಗಿಡುವ ಸೇರ್ಪಡೆಗಳಾಗಿದ್ದವು. ಇವಕ್ಕೂ ಆಕ್ಟೇನಿಗೂ ನೇರ ಸಂಬಂಧವಿಲ್ಲ. ಇಂಡಿಯನ್ ಆಯಿಲ್ 2020ರ ಡಿಸೆಂಬರಿನಲ್ಲಿ ತಂದ ಎಕ್ಸ್‌ಪಿ100 ನಿಜಕ್ಕೂ 100 ಆಕ್ಟೇನಿನದು, ಆಗ ಅದರ ಬೆಲೆ ಸಾಮಾನ್ಯ ಪೆಟ್ರೋಲಿನ ಸುಮಾರು ಎರಡು ಪಟ್ಟಿತ್ತು. ಈ ನಡುವೆ ಸಾಮಾನ್ಯ ಪೆಟ್ರೋಲೇ ಬದಲಾಗಿದೆ. ಭಾರತ್ ಸ್ಟೇಜ್ 2ರ ಕಾಲದಲ್ಲಿ 88 ಇದ್ದ ಕನಿಷ್ಠ ಸಂಖ್ಯೆ ಮುಂದೆ 91ಕ್ಕೆ ಏರಿತು, ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಭಾರತೀಯ ಮಾನಕ ನಿಗದಿಪಡಿಸಿರುವ ಕನಿಷ್ಠ ಸಂಖ್ಯೆ 95. ನೂರು ವರ್ಷಗಳ ಹಿಂದೆ ಬದಿಗೆ ಸರಿದ ಎಥನಾಲ್ ಬೆಳಗಾವಿ, ಬಾಗಲಕೋಟೆ ಭಾಗದ ಕಬ್ಬಿನ ಹಾಲು ಮತ್ತು ಕಾಕಂಬಿಯಿಂದಲೂ ತಯಾರಾಗಿ ಟ್ಯಾಂಕು ಸೇರುತ್ತಿದೆ. ಅದರ ಆಕ್ಟೇನ್ 100ಕ್ಕಿಂತ ಹೆಚ್ಚಾದರೂ ಲೀಟರೊಂದರಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ. ಹೀಗಾಗಿ ಇ20ರ ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ. 6ರಿಂದ 7ರಷ್ಟು ಶಕ್ತಿ ಕಡಿಮೆ. ಆಕ್ಟೇನ್ ಬೇರೆ, ಶಕ್ತಿ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಹಳೆಯ ಕಾರಿನ ರಬ್ಬರ್ ಭಾಗಗಳು ಇ20ಯನ್ನು ತಾಳುತ್ತವೆಯೇ ಎಂಬುದು ಗಂಭೀರ ಪ್ರಶ್ನೆಯೇ ಆದರೂ ಅದಕ್ಕೆ ಆಕ್ಟೇನ್ ಸಂಖ್ಯೆಯಲ್ಲಿ ಉತ್ತರ ಸಿಗುವುದಿಲ್ಲ.

ಕಾರಿನ ಕೈಪಿಡಿಯಲ್ಲಿ ಅಥವಾ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ತಯಾರಕರು ಕನಿಷ್ಠ ಸಂಖ್ಯೆಯನ್ನು ಬರೆದಿರುತ್ತಾರೆ; ಅದು 91 ಇದ್ದರೆ ಪ್ರೀಮಿಯಂಗೆ ತೆರುವ ಹೆಚ್ಚಿನ ಹಣ ವ್ಯರ್ಥ, 95 ಇದ್ದರೆ ಮಾನಕಕ್ಕೆ ತಕ್ಕ ಇ20 ಸಾಕು, 97 ಅಥವಾ 98 ಕಡ್ಡಾಯವೆಂದಿದ್ದರೆ ಮಾತ್ರ ಹೆಚ್ಚು ಆಕ್ಟೇನಿನ ಪೆಟ್ರೋಲಿಗೆ ಹಣ ಕೊಡುವುದರಲ್ಲಿ ಅರ್ಥವಿದೆ. ಅಮೆರಿಕದಲ್ಲಿ ಪ್ರತಿ ಪಂಪಿನ ಮೇಲೂ ಆಕ್ಟೇನ್ ಸಂಖ್ಯೆಯ ಹಳದಿ ಚೀಟಿ ಅಂಟಿಸುವುದು ಕಡ್ಡಾಯ. ಇಲ್ಲಿಯೂ ತೈಲ ಕಂಪನಿಗಳು ಬ್ರಾಂಡಿನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಆಕ್ಟೇನ್ ಸಂಖ್ಯೆಯನ್ನೂ ಎಥನಾಲಿನ ಪ್ರಮಾಣವನ್ನೂ ಪ್ರತಿ ಪಂಪಿನ ಮೇಲೆ ಕನ್ನಡದಲ್ಲಿ ಬರೆಯಬೇಕು, ಗ್ರಾಹಕರು ಅದನ್ನು ಕೇಳಿ ಪಡೆಯಬೇಕು.